ಕಡಲಿಗೆ ಇಳಿದ ಸುಂಕದಕಟ್ಟೆ: ಬ್ರೆಕ್ಸಿಟ್ ನಂತರದ ಉತ್ತರ ಐರ್ಲೆಂಡ್

ಐರ್ಲೆಂಡ್ ಗಣರಾಜ್ಯದ ಕ್ಲೋನ್ಸ್ ಪಟ್ಟಣದಿಂದ ಕ್ಯಾವನ್ ಪಟ್ಟಣಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು ಹತ್ತು ಕಿಲೋಮೀಟರ್ ಸಾಗುವಷ್ಟರಲ್ಲಿ ಅಂತಾರಾಷ್ಟ್ರೀಯ ಗಡಿಯನ್ನು ನಾಲ್ಕು ಬಾರಿ ದಾಟಬೇಕಾಗುತ್ತದೆ. ದಾಟಿದ್ದು ಪ್ರಯಾಣಿಕನ ಅರಿವಿಗೆ ಬರುವುದೇ ಕಷ್ಟ. ರಸ್ತೆಯಂಚಿನ ಹಳದಿ ಗೆರೆ ಬಿಳಿಯಾಗುತ್ತದೆ, ವೇಗಮಿತಿಯ ಫಲಕದಲ್ಲಿ ಕಿಲೋಮೀಟರಿನ ಬದಲು ಮೈಲಿ ಕಾಣಿಸುತ್ತದೆ. ತಡೆಗಂಬವಿಲ್ಲ, ಪೊಲೀಸರಿಲ್ಲ, ಕಾಗದಪತ್ರ ಕೇಳುವ ಅಧಿಕಾರಿಯೂ ಇಲ್ಲ.

ಸುಮಾರು 500 ಕಿಲೋಮೀಟರ್ ಉದ್ದದ ಈ ಗಡಿಯನ್ನು ಇನ್ನೂರಕ್ಕೂ ಹೆಚ್ಚು ರಸ್ತೆಗಳು ಹಾದುಹೋಗುತ್ತವೆ. ಗಡಿಯ ದಕ್ಷಿಣಕ್ಕಿರುವುದು ಸ್ವತಂತ್ರ ಐರ್ಲೆಂಡ್, ಅಂದರೆ ಐರೋಪ್ಯ ಒಕ್ಕೂಟದ ಸದಸ್ಯ ರಾಷ್ಟ್ರ. ಉತ್ತರಕ್ಕಿರುವುದು ಬ್ರಿಟನ್ನಿನ ಭಾಗವಾದ ಉತ್ತರ ಐರ್ಲೆಂಡ್. 2016ರ ಜೂನ್ 23ರ ಜನಮತಗಣನೆಯಲ್ಲಿ ಶೇ 51.9ರಷ್ಟು ಬ್ರಿಟಿಷ್ ಮತದಾರರು ಐರೋಪ್ಯ ಒಕ್ಕೂಟವನ್ನು ತೊರೆಯಲು ನಿರ್ಧರಿಸಿದಾಗ, ಕಣ್ಣಿಗೆ ಕಾಣದ ಈ ಗಡಿ ಮುಂದೆ ಎರಡು ಸರಕಾರಗಳ ನಿದ್ದೆಗೆಡಿಸಲಿದೆ ಎಂದು ಲಂಡನ್ನಿನಲ್ಲಿ ಗಂಭೀರವಾಗಿ ಯೋಚಿಸಿದವರು ಕಡಿಮೆ. ಉತ್ತರ ಐರ್ಲೆಂಡಿನ ಜನ ಮಾತ್ರ ಶೇ 55.8ರ ಬಹುಮತದಿಂದ ಒಕ್ಕೂಟದಲ್ಲೇ ಉಳಿಯಬೇಕೆಂದು ಮತ ಹಾಕಿದ್ದರು. ಆದರೆ ಎಣಿಕೆ ನಡೆದದ್ದು ಇಡೀ ದೇಶದ ಲೆಕ್ಕದಲ್ಲಿ.

ಹಳೆಯ ಗಾಯ

ಐರ್ಲೆಂಡ್ ದ್ವೀಪ ಇಬ್ಭಾಗವಾದದ್ದು 1921ರಲ್ಲಿ. ಬ್ರಿಟನ್ನಿನೊಡನೆ ಇರಬಯಸಿದ ಪ್ರಾಟೆಸ್ಟಂಟರು ಬಹುಸಂಖ್ಯಾತರಾಗಿದ್ದ ಆರು ಕೌಂಟಿಗಳನ್ನು ಪ್ರತ್ಯೇಕಿಸಿ ಉತ್ತರ ಐರ್ಲೆಂಡ್ ರಚಿಸಲಾಯಿತು. ಉಳಿದ ಇಪ್ಪತ್ತಾರು ಕೌಂಟಿಗಳು ಮರುವರ್ಷ ಸ್ವತಂತ್ರ ರಾಜ್ಯವಾದವು. 1923ರ ಏಪ್ರಿಲ್ 1ರಂದು ಗಡಿಯುದ್ದಕ್ಕೂ ಸುಂಕದ ಠಾಣೆಗಳು ತೆರೆದುಕೊಂಡವು. ಬೆಣ್ಣೆ, ಹಂದಿ, ಸಿಗರೇಟುಗಳ ಕಳ್ಳಸಾಗಣೆಯೂ ಬೆನ್ನಿಗೇ ಆರಂಭವಾಯಿತು ಎಂದು ಹೇಳಬೇಕಾಗಿಲ್ಲ. ಕೌಂಟಿಗಳ ಹಳೆಯ ಗೆರೆಯನ್ನೇ ರಾಷ್ಟ್ರದ ಗಡಿಯಾಗಿಸಿದ್ದರಿಂದ ಕೆಲವರ ಮನೆ ಒಂದು ದೇಶದಲ್ಲಿ, ಹೊಲ ಇನ್ನೊಂದು ದೇಶದಲ್ಲಿ ಉಳಿಯಿತು. ಭಾರತ ವಿಭಜನೆಯ ಕತೆ ಬಲ್ಲವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

1960ರ ದಶಕದ ಕೊನೆಯಿಂದ ಮೂರು ದಶಕ ನಡೆದ ಹಿಂಸಾಚಾರದಲ್ಲಿ 3,500ಕ್ಕೂ ಹೆಚ್ಚು ಮಂದಿ ಸತ್ತರು. ಈ ಕಾಲದಲ್ಲಿ ಸುಂಕದ ಠಾಣೆಯೆಂದರೆ ಬರಿಯ ತೆರಿಗೆ ಕಚೇರಿಯಾಗಿರಲಿಲ್ಲ; ಅದು ಬ್ರಿಟಿಷ್ ಆಡಳಿತದ ಗುರುತು, ಆದ್ದರಿಂದಲೇ ಬಾಂಬಿನ ಗುರಿ. 1972ರ ಆಗಸ್ಟಿನಲ್ಲಿ ನ್ಯೂರಿ ಪಟ್ಟಣದ ಸುಂಕದ ಕಚೇರಿಯಲ್ಲಿ ಬಾಂಬ್ ಅವಧಿಗೆ ಮುನ್ನವೇ ಸಿಡಿದು ಅದನ್ನು ತಂದಿದ್ದ ಮೂವರೂ ಸೇರಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಬ್ರಿಟಿಷ್ ಸೇನೆ ಗಡಿಯ ಅನೇಕ ಸಣ್ಣ ರಸ್ತೆಗಳನ್ನು ಸ್ಫೋಟಿಸಿ ಮುಚ್ಚಿತು, ಗುಡ್ಡಗಳ ಮೇಲೆ ಕಾವಲು ಗೋಪುರ ಕಟ್ಟಿತು.

ಈ ಗಡಿ ಮಾಯವಾದದ್ದು ಎರಡು ಹಂತಗಳಲ್ಲಿ. 1973ರಲ್ಲಿ ಬ್ರಿಟನ್ ಮತ್ತು ಐರ್ಲೆಂಡ್ ಒಂದೇ ದಿನ ಐರೋಪ್ಯ ಸಮುದಾಯವನ್ನು ಸೇರಿದ್ದವು. 1993ರ ಜನವರಿಯಲ್ಲಿ ಏಕ ಮಾರುಕಟ್ಟೆ ಜಾರಿಗೆ ಬಂದೊಡನೆ ಸುಂಕದ ಠಾಣೆಗಳಿಗೆ ಕೆಲಸವಿಲ್ಲದಂತಾಯಿತು. 1998ರ ಏಪ್ರಿಲ್ 10ರ ‘ಗುಡ್ ಫ್ರೈಡೆ’ ಒಪ್ಪಂದದ ಬಳಿಕ ಸೈನಿಕರ ಠಾಣೆಗಳೂ ಒಂದೊಂದಾಗಿ ತೆರವಾದವು. ಉತ್ತರ ಐರ್ಲೆಂಡಿನವರು ತಮ್ಮನ್ನು ಬ್ರಿಟಿಷರೆಂದೋ ಐರಿಷರೆಂದೋ ಎರಡೂ ಎಂದೋ ಕರೆದುಕೊಳ್ಳುವ ಹಕ್ಕನ್ನು ಆ ಒಪ್ಪಂದ ನೀಡಿತು. ಗಡಿಯೇ ಕಾಣದಿದ್ದಾಗ ‘ನಾನು ಯಾವ ದೇಶದವನು’ ಎಂಬ ಪ್ರಶ್ನೆಯನ್ನು ದಿನವೂ ಎದುರಿಸಬೇಕಾದ ಪ್ರಮೇಯವಿರಲಿಲ್ಲ. ಒಪ್ಪಂದ ಬದುಕಿ ಉಳಿದದ್ದರ ಗುಟ್ಟೂ ಬಹುಮಟ್ಟಿಗೆ ಇದೇ ಎನ್ನಬಹುದು.

ಮೂರು ಭರವಸೆಗಳು

ಒಕ್ಕೂಟ ತೊರೆದರೆ ಗಡಿಯಲ್ಲಿ ತಪಾಸಣೆ ಏಕೆ ಬೇಕು? ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಐರೋಪ್ಯ ಒಕ್ಕೂಟ ಒಂದು ಸುಂಕ ಒಕ್ಕೂಟ: ಹೊರಗಿನಿಂದ ಬರುವ ಸರಕಿಗೆ ಎಲ್ಲ ಸದಸ್ಯ ರಾಷ್ಟ್ರಗಳಲ್ಲೂ ಒಂದೇ ದರ. ಅದೇ ವೇಳೆ ಅದು ಏಕ ಮಾರುಕಟ್ಟೆಯೂ ಹೌದು: ಮಾಂಸ, ಔಷಧಿ, ಆಟಿಕೆ, ವಿದ್ಯುತ್ ಉಪಕರಣ ಎಲ್ಲಕ್ಕೂ ಸಮಾನ ಗುಣಮಟ್ಟದ ನಿಯಮ. ಹೊರಗುಳಿದ ದೇಶದಿಂದ ಸರಕು ಬಂದರೆ ಸುಂಕ ಎಷ್ಟು, ನಿಯಮಕ್ಕೆ ತಕ್ಕಂತಿದೆಯೇ, ಅದು ನಿಜವಾಗಿ ಎಲ್ಲಿ ತಯಾರಾದದ್ದು ಎಂದು ಯಾರಾದರೂ ಎಲ್ಲಾದರೂ ಕೇಳಲೇಬೇಕು. ಜಿಎಸ್‌ಟಿ ಬರುವ ಮುನ್ನ ನಮ್ಮ ರಾಜ್ಯಗಳ ಗಡಿಯ ತನಿಖಾ ಠಾಣೆಗಳಲ್ಲಿ ಸಾಲುಗಟ್ಟಿ ನಿಂತ ಲಾರಿಗಳನ್ನು ಕಂಡವರಿಗೆ ಇದರ ಅರ್ಥ ತಿಳಿದೀತು.

ಐರ್ಲೆಂಡಿನಲ್ಲಿ ಈ ಪ್ರಶ್ನೆ ಎಷ್ಟು ಇಕ್ಕಟ್ಟಿನದೆಂಬುದಕ್ಕೆ ಹಾಲೇ ಸಾಕ್ಷಿ. ಉತ್ತರ ಐರ್ಲೆಂಡಿನ ಹಾಲಿನ ಸುಮಾರು ಮೂರನೇ ಒಂದು ಭಾಗ ಗಡಿ ದಾಟಿ ದಕ್ಷಿಣದ ಡೇರಿಗಳಲ್ಲಿ ಬೆಣ್ಣೆ, ಚೀಸ್, ಹಾಲಿನ ಪುಡಿಯಾಗುತ್ತದೆ. ಡಬ್ಲಿನ್ನಿನಲ್ಲಿ ತಯಾರಾಗುವ ಹೆಸರಾಂತ ಗಿನ್ನೆಸ್ ಬಿಯರ್ ಟ್ಯಾಂಕರುಗಳಲ್ಲಿ ಬೆಲ್‌ಫಾಸ್ಟಿಗೆ ಬಂದು, ಅಲ್ಲಿ ಬಾಟಲಿ, ಕ್ಯಾನು ಸೇರಿ, ರಫ್ತಿಗಾಗಿ ಮತ್ತೆ ಡಬ್ಲಿನ್ ಬಂದರಿಗೆ ಮರಳುತ್ತದೆ.

ಬ್ರಿಟನ್ ಸರಕಾರ ಮೂರು ಭರವಸೆಗಳನ್ನು ನೀಡಿತ್ತು. ಏಕ ಮಾರುಕಟ್ಟೆ ಮತ್ತು ಸುಂಕ ಒಕ್ಕೂಟ ಎರಡರಿಂದಲೂ ಹೊರಬರುತ್ತೇವೆ. ಐರ್ಲೆಂಡ್ ದ್ವೀಪದಲ್ಲಿ ಗಡಿ ಠಾಣೆ ಬರುವುದಿಲ್ಲ. ಉತ್ತರ ಐರ್ಲೆಂಡ್ ಮತ್ತು ಉಳಿದ ಬ್ರಿಟನ್ ನಡುವೆಯೂ ತಡೆ ಇರುವುದಿಲ್ಲ. ಇವುಗಳಲ್ಲಿ ಯಾವ ಎರಡನ್ನು ಬೇಕಾದರೂ ಈಡೇರಿಸಬಹುದಿತ್ತು. ಮೂರನ್ನೂ ಈಡೇರಿಸಲು ಸಾಧ್ಯವಿರಲಿಲ್ಲ. ಮುಂದಿನ ಏಳೆಂಟು ವರ್ಷಗಳ ರಾಜಕೀಯವೆಲ್ಲ ಈ ಸರಳ ಲೆಕ್ಕವನ್ನು ಒಪ್ಪಿಕೊಳ್ಳಲು ತೆಗೆದುಕೊಂಡ ಕಾಲ.

ಪ್ರಧಾನಿ ಥೆರೆಸಾ ಮೇ 2017ರ ಚುನಾವಣೆಯಲ್ಲಿ ಬಹುಮತ ಕಳೆದುಕೊಂಡು, ಉತ್ತರ ಐರ್ಲೆಂಡಿನ ಬ್ರಿಟನ್ ಪರ ಪಕ್ಷವಾದ ಡಿಯುಪಿಯ ಹತ್ತು ಸಂಸದರ ಬೆಂಬಲಕ್ಕೆ ಕೈಚಾಚಿದರು. ಬೇರೆ ದಾರಿ ಸಿಗುವವರೆಗೆ ಇಡೀ ಬ್ರಿಟನ್ನನ್ನು ಐರೋಪ್ಯ ಸುಂಕ ವ್ಯವಸ್ಥೆಯಲ್ಲೇ ಇರಿಸುವ ‘ಬ್ಯಾಕ್‌ಸ್ಟಾಪ್’ ಎಂಬ ಉಪಾಯವನ್ನು ಅವರು ಸೂಚಿಸಿದರು. ಅಂದರೆ ಅವರು ಬಿಟ್ಟುಕೊಟ್ಟದ್ದು ಮೊದಲನೇ ಭರವಸೆಯನ್ನು. 2019ರ ಜನವರಿ 15ರಂದು ಸಂಸತ್ತು ಅದನ್ನು 432-202 ಮತಗಳಿಂದ ತಿರಸ್ಕರಿಸಿತು. ಆಮೇಲೆ ಮತ್ತೆರಡು ಬಾರಿ ಸೋತು ಅವರು ನಿರ್ಗಮಿಸಿದರು.

ನಂತರ ಬಂದ ಬೋರಿಸ್ ಜಾನ್ಸನ್ ಮೂರನೇ ಭರವಸೆಯನ್ನು ಬಿಟ್ಟುಕೊಟ್ಟರು. ಬಿಟ್ಟುಕೊಟ್ಟದ್ದನ್ನು ಒಪ್ಪಿಕೊಳ್ಳಲಿಲ್ಲ ಎಂಬುದೇ ಅವರಿಗೂ ಮೇ ಅವರಿಗೂ ಇದ್ದ ವ್ಯತ್ಯಾಸ. 2019ರ ಅಕ್ಟೋಬರ್ 17ರ ಅವರ ಒಪ್ಪಂದದ ಪ್ರಕಾರ, ಸರಕುಗಳ ಮಟ್ಟಿಗೆ ಉತ್ತರ ಐರ್ಲೆಂಡ್ ಐರೋಪ್ಯ ನಿಯಮಗಳನ್ನೇ ಪಾಲಿಸಬೇಕು. ತಪಾಸಣೆ ನಡೆಯುವುದು ಬ್ರಿಟನ್ನಿನಿಂದ ಹಡಗು ಬಂದು ನಿಲ್ಲುವ ಬೆಲ್‌ಫಾಸ್ಟ್, ಲಾರ್ನ್ ಮೊದಲಾದ ಬಂದರುಗಳಲ್ಲಿ. ಸುಂಕದಕಟ್ಟೆ ನೆಲದಿಂದ ಕಡಲಿಗೆ ಇಳಿಯಿತು. ಅದೇ ನವೆಂಬರಿನಲ್ಲಿ ಉತ್ತರ ಐರ್ಲೆಂಡಿನ ವ್ಯಾಪಾರಿಗಳ ಮುಂದೆ ಮಾತನಾಡುತ್ತ ಜಾನ್ಸನ್, ಯಾರಾದರೂ ಅರ್ಜಿ ತುಂಬಲು ಹೇಳಿದರೆ ತಮಗೆ ಫೋನ್ ಮಾಡಿ, ಅದನ್ನು ಕಸದ ಬುಟ್ಟಿಗೆ ಎಸೆಯಲು ತಾವೇ ಹೇಳುವುದಾಗಿ ತಿಳಿಸಿದ್ದರು.

ಸಾಸೇಜ್ ಮತ್ತು ಮಣ್ಣು

2021ರ ಜನವರಿ 1ರಂದು ಹೊಸ ವ್ಯವಸ್ಥೆ ಜಾರಿಯಾಯಿತು. ಅರ್ಜಿಗಳು ಕಸದ ಬುಟ್ಟಿಗೆ ಹೋಗಲಿಲ್ಲ. ಆಹಾರ ಪದಾರ್ಥ ಸಾಗಿಸಲು ಪಶುವೈದ್ಯರ ಪ್ರಮಾಣಪತ್ರ ಬೇಕಾಯಿತು. ಶೈತ್ಯೀಕರಿಸಿದ ಹಸಿ ಮಾಂಸದ ಸಾಸೇಜುಗಳನ್ನು ಹೊರದೇಶಗಳಿಂದ ಬರಗೊಡದಿರುವುದು ಐರೋಪ್ಯ ನಿಯಮ. ಹೀಗಾಗಿ ಇಂಗ್ಲೆಂಡಿನ ಸಾಸೇಜನ್ನು ಬೆಲ್‌ಫಾಸ್ಟಿನಲ್ಲಿ ಮಾರುವುದೇ ವಿವಾದವಾಯಿತು. ಪತ್ರಿಕೆಗಳು ಇದಕ್ಕೆ ‘ಸಾಸೇಜ್ ಯುದ್ಧ’ವೆಂದು ಹೆಸರಿಟ್ಟವು. ಬೇರಿಗೆ ಬ್ರಿಟನ್ನಿನ ಮಣ್ಣು ಅಂಟಿಕೊಂಡ ಸಸಿಗಳಿಗೆ ಅಡ್ಡಿ, ಸ್ಕಾಟ್ಲೆಂಡಿನ ಬಿತ್ತನೆ ಆಲೂಗೆಡ್ಡೆಗೆ ನಿಷೇಧ, ಹಳೆಯ ಟ್ರ್ಯಾಕ್ಟರು ತಂದರೆ ಚಕ್ರದ ಮಣ್ಣು ತೊಳೆದಿರಬೇಕೆಂಬ ನಿಬಂಧನೆ. ನಗಲು ಅವಕಾಶವಿದೆ ನಿಜ. ಆದರೆ ಲಂಡನ್ನಿನಷ್ಟೇ ತಾನೂ ಬ್ರಿಟಿಷ್ ಎಂದು ನಂಬಿದ ರೈತನಿಗೆ ತನ್ನದೇ ದೇಶದ ಮಣ್ಣನ್ನು ಪರದೇಶದ ಮಣ್ಣೆಂದು ತೊಳೆಯಬೇಕಾಗಿ ಬಂದದ್ದು ನಗುವ ವಿಷಯವಾಗಿರಲಿಲ್ಲ.

ಬ್ರಿಟನ್ನಿನಿಂದ ಐರ್ಲೆಂಡ್ ಗಣರಾಜ್ಯಕ್ಕೆ ಮಾರುವವರ ಪಾಡು ಇನ್ನೊಂದು ಬಗೆಯದು. 2020ರ ಡಿಸೆಂಬರ್ 24ರಂದು ಮುಗಿದ ವ್ಯಾಪಾರ ಒಪ್ಪಂದದಲ್ಲಿ ಸುಂಕ ಶೂನ್ಯವೆಂದಿತ್ತಾದರೂ, ಅದು ಅನ್ವಯವಾಗುವುದು ಬ್ರಿಟನ್ ಅಥವಾ ಒಕ್ಕೂಟದ ಮೂಲದ್ದೆಂದು ರುಜುವಾತಾಗುವ ಸರಕಿಗೆ. ಮಾರ್ಕ್ಸ್ ಆಂಡ್ ಸ್ಪೆನ್ಸರ್ ಮಳಿಗೆಗಳ ‘ಪರ್ಸಿ ಪಿಗ್’ ಮಿಠಾಯಿ ಜರ್ಮನಿಯಲ್ಲಿ ತಯಾರಾಗಿ, ಬ್ರಿಟನ್ನಿಗೆ ಬಂದು, ಅಲ್ಲಿಂದ ಐರ್ಲೆಂಡಿಗೆ ಹೊರಟರೆ ಸುಂಕಕ್ಕೆ ಒಳಗಾಗುವ ವಿಚಿತ್ರ ಪರಿಸ್ಥಿತಿ ಉಂಟಾಯಿತು. ಒಕ್ಕೂಟದಲ್ಲೇ ಹುಟ್ಟಿ ಒಕ್ಕೂಟಕ್ಕೇ ಹೋಗುವ ಮಿಠಾಯಿ ಅದು!

ಐರೋಪ್ಯ ಆಯೋಗವೂ ಎಡವಿತು. ಕೋವಿಡ್ ಲಸಿಕೆಯ ರಫ್ತು ತಡೆಯುವ ಭರದಲ್ಲಿ 2021ರ ಜನವರಿ 29ರಂದು ಅದು ಐರ್ಲೆಂಡ್ ಗಡಿಗೂ ತುರ್ತು ವಿಧಿಯನ್ನು ಅನ್ವಯಿಸಲು ಹೊರಟು, ಕೆಲವೇ ಗಂಟೆಗಳಲ್ಲಿ ಹಿಂದೆಗೆಯಿತು. ಗಡಿಯ ಪಾವಿತ್ರ್ಯವನ್ನು ನಾಲ್ಕು ವರ್ಷ ಬೋಧಿಸಿದವರೇ ಹೀಗೆ ಮಾಡಿದರೆಂದು ಬ್ರಿಟನ್ ಪರ ‘ಯೂನಿಯನಿಸ್ಟ್’ ಗುಂಪುಗಳು ಸಿಡಿದೆದ್ದವು. ಬೆದರಿಕೆಯ ಗೋಡೆಬರಹಗಳು ಕಾಣಿಸಿಕೊಂಡ ಕಾರಣ ಫೆಬ್ರವರಿ ಆರಂಭದಲ್ಲಿ ಬಂದರುಗಳ ತಪಾಸಣಾ ಸಿಬ್ಬಂದಿಯನ್ನು ಕೆಲಕಾಲ ವಾಪಸು ಕರೆಸಬೇಕಾಯಿತು. ಏಪ್ರಿಲಿನಲ್ಲಿ ಬೆಲ್‌ಫಾಸ್ಟಿನ ಬೀದಿಗಳಲ್ಲಿ ಪೆಟ್ರೋಲ್ ಬಾಂಬುಗಳು ಹಾರಿದವು.

ಯೂನಿಯನಿಸ್ಟರ ದೂರಿಗೆ ಕಾನೂನಿನ ಆಧಾರವೂ ಇತ್ತು. 1800ರ ಏಕೀಕರಣ ಕಾಯಿದೆಯ ಆರನೇ ವಿಧಿ ಐರ್ಲೆಂಡಿನ ಪ್ರಜೆಗಳಿಗೆ ವ್ಯಾಪಾರದಲ್ಲಿ ಬ್ರಿಟನ್ನಿನವರೊಡನೆ ಸಮಾನ ಸ್ಥಾನ ನೀಡಿತ್ತು. ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. ಸಂಸತ್ತು ಅನಂತರ ಮಾಡಿದ ಕಾನೂನಿಗೇ ಮೇಲುಗೈ ಎಂದು 2023ರ ಫೆಬ್ರವರಿಯಲ್ಲಿ ತೀರ್ಪು ಬಂತು. ಅಷ್ಟರಲ್ಲಿ, 2022ರ ಫೆಬ್ರವರಿಯಲ್ಲೇ, ಡಿಯುಪಿ ತನ್ನ ಮುಖ್ಯಸಚಿವರ ರಾಜೀನಾಮೆ ಕೊಡಿಸಿ ಸ್ಥಳೀಯ ಸರಕಾರವನ್ನು ಉರುಳಿಸಿತ್ತು. ಎರಡೂ ಸಮುದಾಯಗಳು ಕೂಡಿ ಆಳಬೇಕೆಂಬುದು 1998ರ ಒಪ್ಪಂದದ ನಿಯಮ. ಒಬ್ಬರು ಎದ್ದುಹೋದರೆ ಇಡೀ ಮನೆ ಮುಚ್ಚುತ್ತದೆ. ಸಾಸೇಜಿನ ಜಗಳದಲ್ಲಿ ಎರಡು ವರ್ಷ ಆಸ್ಪತ್ರೆ, ಶಾಲೆಗಳ ಬಗ್ಗೆ ನಿರ್ಧಾರ ಕೈಗೊಳ್ಳುವ ಸಚಿವ ಸಂಪುಟವೇ ಇರಲಿಲ್ಲ.

ಹಸಿರು ಹಾದಿ, ಕೆಂಪು ಹಾದಿ

ಪ್ರಧಾನಿ ರಿಷಿ ಸುನಕ್ ಮತ್ತು ಐರೋಪ್ಯ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೇಯನ್ 2023ರ ಫೆಬ್ರವರಿ 27ರಂದು ಪ್ರಕಟಿಸಿದ ವಿಂಡ್ಸರ್ ಒಪ್ಪಂದ ಜಗಳವನ್ನು ಕೊಂಚ ತಣ್ಣಗಾಗಿಸಿತು. ಉತ್ತರ ಐರ್ಲೆಂಡಿನಲ್ಲೇ ಮಾರಾಟವಾಗುವ ಸರಕಿಗೆ ಕಡಿಮೆ ಕಾಗದದ ‘ಹಸಿರು ಹಾದಿ’, ಗಡಿ ದಾಟಿ ಒಕ್ಕೂಟಕ್ಕೆ ಹೋಗಬಹುದಾದ ಸರಕಿಗೆ ಪೂರ್ಣ ತಪಾಸಣೆಯ ‘ಕೆಂಪು ಹಾದಿ’. ಹಸಿರು ಹಾದಿಯ ಆಹಾರ ಪೊಟ್ಟಣಗಳ ಮೇಲೆ ‘ಐರೋಪ್ಯ ಒಕ್ಕೂಟಕ್ಕಲ್ಲ’ ಎಂಬ ಚೀಟಿ ಅಂಟಿಸಬೇಕು. ಬಿತ್ತನೆ ಆಲೂಗೆಡ್ಡೆಗೂ ದಾರಿ ತೆರೆಯಿತು. ಡಿಯುಪಿ ಮತ್ತೂ ಒಂದು ವರ್ಷ ಪಟ್ಟು ಹಿಡಿದು, 2024ರ ಫೆಬ್ರವರಿ 3ರಂದು ಸರಕಾರಕ್ಕೆ ಮರಳಿತು. ಅಂದು ಮುಖ್ಯಸಚಿವೆಯಾದವರು ಶಿನ್ ಫೇನ್ ಪಕ್ಷದ ಮಿಷೆಲ್ ಓನೀಲ್; ಐರ್ಲೆಂಡ್ ಒಂದಾಗಬೇಕೆನ್ನುವ ಪಕ್ಷದವರೊಬ್ಬರು ಆ ಹುದ್ದೆಗೇರಿದ್ದು ಅದೇ ಮೊದಲು. ದೇಶವನ್ನು ಗಟ್ಟಿಗೊಳಿಸಲೆಂದು ಬ್ರೆಕ್ಸಿಟ್ ಬೆಂಬಲಿಸಿದ ಡಿಯುಪಿಗೆ ಇದಕ್ಕಿಂತ ಕಹಿಯಾದ ಫಲ ಇನ್ನೇನಿದ್ದೀತು?

ಈ ಗಡಿ ಭಾರತೀಯರಿಗೂ ತಟ್ಟುತ್ತದೆ. ಬ್ರಿಟಿಷ್ ಮತ್ತು ಐರಿಷ್ ನಾಗರಿಕರು ಎರಡೂ ದೇಶಗಳಲ್ಲಿ ಮುಕ್ತವಾಗಿ ಓಡಾಡಬಹುದು. ಈ ಏರ್ಪಾಡು ಐರೋಪ್ಯ ಒಕ್ಕೂಟಕ್ಕಿಂತ ಹಳೆಯದು. ಆದರೆ ಬ್ರಿಟನ್ನಿನ ಕೆಲಸದ ವೀಸಾದ ಮೇಲೆ ಉತ್ತರ ಐರ್ಲೆಂಡಿನ ಆಸ್ಪತ್ರೆಯಲ್ಲಿ ದುಡಿಯುವ ಭಾರತೀಯ ದಾದಿ ಭಾನುವಾರ ಬಸ್ಸು ಹತ್ತಿ ಆಚೆಯ ಡೊನೆಗಾಲ್ ಕಡಲತೀರಕ್ಕೆ ಹೋಗಬೇಕಾದರೆ ಪ್ರತ್ಯೇಕ ಐರಿಷ್ ವೀಸಾ ಪಡೆದಿರಬೇಕು. ತಡೆಗಂಬ ಇಲ್ಲದಿರುವುದರಿಂದ ಗೊತ್ತಿಲ್ಲದೆ ದಾಟಿ ತೊಂದರೆಗೆ ಸಿಲುಕುವುದು ಸುಲಭ. ವ್ಯಾಪಾರದಲ್ಲೂ ಹಾಗೆಯೇ. 2025ರ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದದ ದರ ಉತ್ತರ ಐರ್ಲೆಂಡಿನಲ್ಲಿ ನಮ್ಮ ಸರಕಿಗೆ ಸಿಗಬೇಕಾದರೆ, ಆ ಸರಕು ದಕ್ಷಿಣಕ್ಕೆ ದಾಟುವುದಿಲ್ಲವೆಂದು ತೋರಿಸಬೇಕು. ಇಲ್ಲವಾದರೆ ಐರೋಪ್ಯ ದರವೇ ಗತಿ.

ಬೇರೆ ಜಗಳಗಳೂ ಇದ್ದವು. 2021ರ ಮೇ ತಿಂಗಳಲ್ಲಿ ಮೀನುಗಾರಿಕೆ ಪರವಾನಗಿಗಾಗಿ ಫ್ರಾನ್ಸಿನ ಹತ್ತಾರು ದೋಣಿಗಳು ಜೆರ್ಸಿ ದ್ವೀಪದ ಬಂದರಿಗೆ ಮುತ್ತಿಗೆ ಹಾಕಿದಾಗ ಬ್ರಿಟನ್ ಎರಡು ಗಸ್ತು ನೌಕೆಗಳನ್ನು ಕಳಿಸಿತ್ತು. 2025ರ ಮೇ 19ರ ಶೃಂಗಸಭೆಯಲ್ಲಿ, ಐರೋಪ್ಯ ದೋಣಿಗಳಿಗೆ ಬ್ರಿಟನ್ನಿನ ಜಲಪ್ರದೇಶದಲ್ಲಿ 2038ರ ಜೂನ್‌ವರೆಗೆ ಅವಕಾಶ ನೀಡಲು ಪ್ರಧಾನಿ ಕಿಯರ್ ಸ್ಟಾರ್ಮರ್ ಒಪ್ಪಿದರು. ಆಹಾರ ಮತ್ತು ಸಸ್ಯಗಳ ತಪಾಸಣೆ ಕಡಿಮೆ ಮಾಡುವ ಒಪ್ಪಂದವೊಂದನ್ನು ಮಾಡಿಕೊಳ್ಳುವ ತೀರ್ಮಾನವೂ ಅಲ್ಲೇ ಆಯಿತು. ಅದಕ್ಕೆ ತೆರಬೇಕಾದ ಬೆಲೆಯೆಂದರೆ, ಈ ಮಟ್ಟಿಗೆ ಬ್ರಿಟನ್ ಪೂರ್ತಿಯಾಗಿ ಐರೋಪ್ಯ ನಿಯಮಗಳನ್ನು, ಅವು ಬದಲಾದಂತೆಲ್ಲ, ಪಾಲಿಸುತ್ತ ಹೋಗಬೇಕು. ಥೆರೆಸಾ ಮೇ ಸೂಚಿಸಿದ್ದ ಹಾದಿಗೆ ಇದು ಅರ್ಧದಷ್ಟಾದರೂ ಹತ್ತಿರವೆಂದು ಹೇಳಿದರೆ ಲಂಡನ್ನಿನಲ್ಲಿ ಯಾರೂ ಮೆಚ್ಚಲಾರರು.

ಸಾಸೇಜಿನ ತಪಾಸಣೆ ಹೀಗೆ ತಗ್ಗಬಹುದಾದರೂ ಸುಂಕದ ಕಾಗದಗಳು ಇದರಿಂದ ಹೋಗುವುದಿಲ್ಲ. ಈ ಇಡೀ ಏರ್ಪಾಡನ್ನು ಮುಂದುವರಿಸಬೇಕೇ ಎಂದು 2024ರ ಡಿಸೆಂಬರ್ 10ರಂದು ಉತ್ತರ ಐರ್ಲೆಂಡ್ ವಿಧಾನಸಭೆ ಮತ ಹಾಕಿದಾಗ 48 ಸದಸ್ಯರು ಹೌದೆಂದರು, 36 ಮಂದಿ ಬೇಡವೆಂದರು. ಹೌದೆಂದವರಲ್ಲಿ ಒಬ್ಬ ಯೂನಿಯನಿಸ್ಟನೂ ಇರಲಿಲ್ಲ. ಎರಡೂ ಸಮುದಾಯಗಳ ಒಪ್ಪಿಗೆ ದೊರೆತಿದ್ದರೆ ಮುಂದಿನ ಮತದಾನ ಎಂಟು ವರ್ಷಗಳ ನಂತರ ನಡೆಯುತ್ತಿತ್ತು. ಈಗ ಅದು ನಾಲ್ಕೇ ವರ್ಷಕ್ಕೆ, 2028ರಲ್ಲಿ, ಮತ್ತೆ ಸದನದ ಮುಂದೆ ಬರಬೇಕಿದೆ.