ಬಂಗಾರದ ಲೇಪ ಹಚ್ಚಿಕೊಂಡ ರಕ್ತಕಣ

ಕೆಂಪು ರಕ್ತಕಣಗಳ ಕ್ಲೋಸ್‌ಅಪ್ ಫೋಟೋ ನೀವೂ ನೋಡಿರ್ತೀರಿ. ನಡುವೆ ಹೆಬ್ಬೆರಳಿನಿಂದ ಒತ್ತಿದ ಪೇಡದ ಹಾಗೆ, ಕಡುಕೆಂಪಗೆ, ಕೈಯಲ್ಲಿ ಹಿಡಿಯಬಹುದು ಅನ್ನುವಷ್ಟು ಸ್ಪಷ್ಟ. ಆದರೆ ಆ ಕೆಂಪು ಬಣ್ಣ ಯಂತ್ರ ಕೊಟ್ಟಿದ್ದಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೊಡೋದು ಕಪ್ಪು-ಬಿಳುಪು ಚಿತ್ರ ಮಾತ್ರ. ಬಣ್ಣ ಆಮೇಲೆ ಕಂಪ್ಯೂಟರಿನಲ್ಲಿ ತುಂಬಿದ್ದು.

ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ಚಿಕ್ಕಮ್ಮನ ಮಗಳು. ರಕ್ತಕಣಗಳ ಮೇಲೆ ಪಿಎಚ್.ಡಿ. ಮಾಡ್ತಿದ್ದಾಳೆ. ನಾನು ಕೋಡ್ ಬರೆಯೋನು, ಬಯಾಲಜಿ ಪಿಯುಸಿಗೇ ಮುಗಿದ ಅಧ್ಯಾಯ.

ಒಂದು ಕೆಂಪು ರಕ್ತಕಣದ ಅಗಲ 7-8 ಮೈಕ್ರೋಮೀಟರ್. ತಲೆಗೂದಲಿನ ಅಡ್ಡಳತೆಯಲ್ಲಿ ಸುಮಾರು ಹತ್ತು ಕಣ ಸಾಲಾಗಿ ಕೂರುತ್ತವೆ. ಸಾಧಾರಣ ಮೈಕ್ರೋಸ್ಕೋಪಿನಲ್ಲೂ ಇದು ಕಾಣುತ್ತೆ. ಆದರೆ ಬೆಳಕಿಗೆ ಒಂದು ಮಿತಿ ಇದೆ: ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕಿ ಒಂದೇ ಆಗಿ ಕಾಣುತ್ತವೆ. ಬೆಳಕಿನ ಬದಲು ಎಲೆಕ್ಟ್ರಾನ್ ಬಳಸಿ ಈ ಮಿತಿ ದಾಟುವ ದಾರಿ ತೆರೆದವರು ಬರ್ಲಿನ್‌ನ ಅರ್ನ್ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನಾಲ್, 1931ರಲ್ಲಿ. ರುಸ್ಕಾಗೆ ನೊಬೆಲ್ ಬಂದಿದ್ದು 1986ರಲ್ಲಿ!

ತೊಂದರೆ ಏನಂದ್ರೆ, ಈ ಯಂತ್ರದೊಳಗೆ ಗಾಳಿಯೇ ಇರೋದಿಲ್ಲ. ರಕ್ತಕಣದೊಳಗೆ ತುಂಬಾ ನೀರು. ಹಾಗೇ ಇಟ್ಟರೆ ನೀರು ಆವಿಯಾಗಿ ಕಣ ಮುದುಡಿಹೋಗುತ್ತೆ. ಅದಕ್ಕೇ ಇಷ್ಟೊಂದು ತಯಾರಿ.

ಮೊದಲು ಉಪ್ಪಿನಂಶ ಸರಿಯಾಗಿರುವ ದ್ರಾವಣದಲ್ಲಿ ಕಣಗಳನ್ನು ತೊಳೀತಾರೆ. ಬರೀ ನೀರು ಹಾಕಿದ್ರೆ ಉಬ್ಬಿ ಒಡೆದುಹೋಗ್ತವೆ. ಆಮೇಲೆ ಗ್ಲುಟರಾಲ್ಡಿಹೈಡ್. ಇದು ಪ್ರೋಟೀನುಗಳನ್ನು ಒಂದಕ್ಕೊಂದು ಕಟ್ಟಿಹಾಕಿ ಕಣ ಇದ್ದ ಆಕಾರದಲ್ಲೇ ಗಟ್ಟಿಯಾಗುವಂತೆ ಮಾಡುತ್ತೆ. ಮುಂದೆ ಆಲ್ಕೋಹಾಲು: 30, 50, 70, 90, 100 ಶೇಕಡಾ ಅಂತ ಹಂತಹಂತವಾಗಿ ನೀರನ್ನು ಹೊರಹಾಕೋದು. ಒಮ್ಮೆಲೇ ಹಾಕಿದ್ರೆ ಕಣ ಕುಗ್ಗುತ್ತೆ.

ಕೊನೆಗೆ ಆಲ್ಕೋಹಾಲಿನ ಜಾಗಕ್ಕೆ ದ್ರವರೂಪದ ಕಾರ್ಬನ್ ಡೈಆಕ್ಸೈಡ್ ತುಂಬಿ, ಹೆಚ್ಚಿನ ಒತ್ತಡದಲ್ಲಿ 31 ಡಿಗ್ರಿ ಸೆಲ್ಸಿಯಸ್ ದಾಟಿಸ್ತಾರೆ. ಅಲ್ಲಿ ದ್ರವ, ಅನಿಲ ಅನ್ನೋ ಭೇದವೇ ಇಲ್ಲ. ಹಾಗಾಗಿ ಕಣವನ್ನು ಎಳೆದು ಕುಗ್ಗಿಸುವ ಮೇಲ್ಮೈ ಸೆಳೆತವೂ ಇಲ್ಲ. ಒಣಗಿದ ಕಣಗಳ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಚಿನ್ನದ ಲೇಪ ಕೊಟ್ಟರೆ ವಿದ್ಯುತ್ ಹರಿದುಹೋಗುತ್ತೆ, ಚಿತ್ರ ಸ್ಪಷ್ಟವಾಗುತ್ತೆ.

ಆಕಾರಕ್ಕಾಗಿ ಯಾಕಿಷ್ಟು ತಲೆಕೆಡಿಸಿಕೊಳ್ಳಬೇಕು? ಯಾಕಂದ್ರೆ ಕಾಯಿಲೆಯೂ ಕಣದ ಆಕಾರ ಬದಲಿಸುತ್ತೆ. ನಮ್ಮ ರಾಜ್ಯದ ಕೆಲವು ಬುಡಕಟ್ಟು ಸಮುದಾಯಗಳಲ್ಲೂ ಇರುವ ಸಿಕಲ್ ಸೆಲ್ ಕಾಯಿಲೆಯಲ್ಲಿ ದುಂಡಗಿನ ಕಣ ಕುಡುಗೋಲಿನಂತೆ ಬಾಗುತ್ತೆ. ಒಳಗೆ ಹಿಮೋಗ್ಲೋಬಿನ್ ಎಳೆಗಳಾಗಿ ಹೆಣೆದುಕೊಂಡಿರುತ್ತೆ. ಸುಮಾರು 20 ನ್ಯಾನೋಮೀಟರ್ ದಪ್ಪದ ಆ ಎಳೆಗಳನ್ನು ಕಣ್ಣಿಗೆ ಕಾಣಿಸಿದ್ದು ಎಲೆಕ್ಟ್ರಾನ್ ಮೈಕ್ರೋಸ್ಕೋಪೇ. ರೋಗ ಪತ್ತೆಗೆ ಮಾತ್ರ ಇಷ್ಟು ದೊಡ್ಡ ಯಂತ್ರ ಬೇಕಿಲ್ಲ, ರಕ್ತಪರೀಕ್ಷೆ ಸಾಕು.

ಕಳೆದ ತಿಂಗಳು ತಂಗಿಯ ಸ್ಯಾಂಪಲ್ಲಿನ ಕಣಗಳಿಗೆಲ್ಲ ಮುಳ್ಳು ಬಂದಿದ್ದವು. ನೋಡೋಕೆ ಅದ್ಭುತ. "ಥೀಸಿಸ್‌ಗೆ ಒಳ್ಳೇ ಚಿತ್ರ ಸಿಕ್ತಲ್ಲ" ಅಂದೆ. "ತಾಳಣ್ಣ, ಕಾಯಿಲೆಯಿಂದಲೂ ಮುಳ್ಳು ಬರುತ್ತೆ. ರಕ್ತ ಹಳೇದಾದ್ರೂ ಬರುತ್ತೆ, ಗಾಜು ತಾಗಿದ್ರೂ ಬರುತ್ತೆ" ಅಂದಳು. ಅದೇ ದಿನ, ಅದೇ ದ್ರಾವಣದಲ್ಲಿ ತಯಾರಿಸಿದ್ದ ಆರೋಗ್ಯವಂತರ ರಕ್ತವನ್ನೂ ನೋಡಿದಳು. ಅದರಲ್ಲೂ ಮುಳ್ಳು! ಅಂದ್ರೆ ಅದು ರೋಗಿಯ ಕಥೆಯಲ್ಲ, ತಯಾರಿಯಲ್ಲಿ ಸೇರಿಕೊಂಡ ಬಗ್.

ಮೂರು ದಿನದ ಕೆಲಸ, ಅಷ್ಟು ಚೆಂದದ ಚಿತ್ರ ಎರಡನ್ನೂ ಪಕ್ಕಕ್ಕಿಟ್ಟು ಹೊಸ ರಕ್ತಕ್ಕೆ ಬರೆದು ಕೊಟ್ಟಳು. ಒಳ್ಳೇ ಫೋಟೋ ಯಾವತ್ತೂ ಸಾಕ್ಷಿ ಅಲ್ಲ. ಪಕ್ಕದಲ್ಲಿ ಹೋಲಿಸೋಕೆ ಇನ್ನೊಂದು ಇರಬೇಕು.