ಬೋನಸ್, ಮೌನ ಮತ್ತು ವಿಶ್ವಾಸ: ವಾಗ್ಳೆ ಎಸ್ಟೇಟಿನ ಕೆಲವು ತಪ್ಪು ಕಲ್ಪನೆಗಳು

ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು 1962ರಲ್ಲಿ ಸ್ಥಾಪನೆಯಾದಾಗ ಅದರ ಆರಂಭದ ಕೈಗಾರಿಕಾ ಪ್ರದೇಶಗಳಲ್ಲಿ ಒಂದಾಗಿದ್ದ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಇಂದು ಲೇತ್ ಯಂತ್ರಗಳ ಸಣ್ಣ ಶೆಡ್ಡುಗಳೂ ಸಾಫ್ಟ್‌ವೇರ್ ಕಚೇರಿಗಳೂ ಅಕ್ಕಪಕ್ಕದಲ್ಲಿಯೇ ಇವೆ. ನೌಕರರ ವಿಶ್ವಾಸವು ಮೇಲಿನವರ ಒಳ್ಳೆಯತನಕ್ಕೆ ತಾನಾಗಿ ದೊರೆಯುವ ಪ್ರತಿಫಲ ಎಂಬ ಎಣಿಕೆ ಮಾತ್ರ ಎರಡೂ ಕಡೆ ಒಂದೇ ಬಗೆಯದು. ಮೇಯರ್, ಡೇವಿಸ್ ಮತ್ತು ಸ್ಕೂರ್ಮನ್ ಎಂಬ ವಿದ್ವಾಂಸರು 1995ರಲ್ಲಿ ನೀಡಿದ, ಈಗ ವ್ಯಾಪಕವಾಗಿ ಬಳಕೆಯಲ್ಲಿರುವ ವಿವರಣೆಯಂತೆ ವಿಶ್ವಾಸವೆಂದರೆ ತನ್ನ ಹಿಡಿತದಲ್ಲಿಲ್ಲದ ಇನ್ನೊಬ್ಬನ ನಡೆಯಿಂದ ತನಗೆ ನಷ್ಟವಾಗಬಹುದೆಂದು ಗೊತ್ತಿದ್ದೂ ಆ ಅಪಾಯಕ್ಕೆ ಒಡ್ಡಿಕೊಳ್ಳುವ ಸಿದ್ಧತೆ. ಆ ಇನ್ನೊಬ್ಬನಲ್ಲಿ ಕೆಲಸದ ಸಾಮರ್ಥ್ಯ, ಹಿತಚಿಂತನೆ ಮತ್ತು ನುಡಿದಂತೆ ನಡೆಯುವ ನಿಷ್ಠೆ ಎಂಬ ಮೂರನ್ನೂ ಅಳೆದ ಮೇಲೆಯೇ ಮನುಷ್ಯನು ಇದಕ್ಕೆ ಒಪ್ಪುತ್ತಾನೆ.

ಹಿತಚಿಂತನೆಯೊಂದಿದ್ದರೆ ಸಾಕೆಂಬ ಕಲ್ಪನೆಗೆ ದೀಪಾವಳಿಯ ಬೋನಸ್ ಒಳ್ಳೆಯ ನಿದರ್ಶನ. ಮಾಲೀಕನ ಮನಸ್ಸಿನಲ್ಲಿ ಅದು ಉಡುಗೊರೆ, ಸಿಹಿ ಡಬ್ಬದ ಜೊತೆಗೆ ಕೊಡುವಂಥದು. ಆದರೆ 1965ರ ಬೋನಸ್ ಪಾವತಿ ಕಾಯಿದೆಯು 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಅರ್ಹ ನೌಕರರಿಗೆ ಕನಿಷ್ಠ ಬೋನಸ್ಸನ್ನು, ನಂತರದ ತಿದ್ದುಪಡಿಯಿಂದ ಶೇ. 8.33ರಷ್ಟನ್ನು, ಹಕ್ಕಾಗಿಯೇ ವಿಧಿಸಿತು. ಹಕ್ಕಿನ ಹಣವನ್ನು ಔದಾರ್ಯದ ಹೆಸರಿನಲ್ಲಿ ಪಡೆದವನು ಸಿಹಿ ತಿಂದು ಸುಮ್ಮನಾಗುತ್ತಾನೆಯೇ ಹೊರತು ಅದನ್ನು ವಿಶ್ವಾಸದ ಖಾತೆಗೆ ಜಮಾ ಮಾಡುವುದಿಲ್ಲ. ಅವನ ನಿಜವಾದ ಅಳತೆಗೋಲು ಪಗಾರದ ದಿನ. 1936ರ ವೇತನ ಪಾವತಿ ಕಾಯಿದೆಯು 1000ಕ್ಕಿಂತ ಕಡಿಮೆ ನೌಕರರಿರುವಲ್ಲಿ ವೇತನದ ಅವಧಿ ಮುಗಿದ ಏಳನೆಯ ದಿನದೊಳಗೆ ಪಾವತಿಯಾಗಬೇಕೆಂದು ಹೇಳಿದ್ದರ ಹಿಂದೆ, ಬಾಡಿಗೆ, ಕಿರಾಣಿಯ ಉದ್ರಿ ಮತ್ತು ಊರಿಗೆ ಕಳಿಸುವ ಹಣ ಮೂರೂ ಆ ಒಂದು ತಾರೀಖಿಗೆ ಕಟ್ಟುಬಿದ್ದಿರುತ್ತವೆ ಎಂಬ ಸರಳ ವಾಸ್ತವವಿದೆ. ಪ್ರತಿ ತಿಂಗಳೂ ತಪ್ಪದ ಏಳನೆಯ ತಾರೀಖು ವರ್ಷಕ್ಕೊಮ್ಮೆ ಬರುವ ಸಿಹಿ ಡಬ್ಬಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಕೆಟ್ಟ ಸುದ್ದಿಯನ್ನು ಆದಷ್ಟು ಚುಟುಕಾಗಿ ಹೇಳಿ ಮುಗಿಸಬೇಕು, ವಿವರಿಸಿದಷ್ಟೂ ಗದ್ದಲ ಹೆಚ್ಚುತ್ತದೆ ಎಂಬುದು ಮೇಲ್ವಿಚಾರಕರಲ್ಲಿ ಬಲವಾಗಿ ಬೇರೂರಿರುವ ಇನ್ನೊಂದು ನಂಬಿಕೆ. ಜೆರಾಲ್ಡ್ ಗ್ರೀನ್‌ಬರ್ಗ್ ಎಂಬ ಅಮೆರಿಕದ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಅಪರೂಪದ ಸ್ಪಷ್ಟತೆಯಿಂದ ಪರೀಕ್ಷೆಗೆ ಒಡ್ಡಿತು. ದೊಡ್ಡ ಗುತ್ತಿಗೆಗಳನ್ನು ಕಳೆದುಕೊಂಡ ಒಂದೇ ಕಂಪನಿಯ ಎರಡು ಕಾರ್ಖಾನೆಗಳಲ್ಲಿ 10 ವಾರಗಳ ಕಾಲ ಶೇ. 15ರಷ್ಟು ವೇತನ ಕಡಿತವಾಯಿತು. ಒಂದರಲ್ಲಿ ಕಂಪನಿಯ ಅಧ್ಯಕ್ಷರೇ ಸುಮಾರು ಒಂದೂವರೆ ಗಂಟೆ ಲೆಕ್ಕಪತ್ರ ತೋರಿಸಿ, ಪಶ್ಚಾತ್ತಾಪ ಸೂಚಿಸಿ, ಪ್ರಶ್ನೆಗಳಿಗೆ ಉತ್ತರಿಸಿದರೆ, ಇನ್ನೊಂದರಲ್ಲಿ ಕಾಲು ಗಂಟೆಯಲ್ಲಿ ವಿಷಯ ತಿಳಿಸಿ ಸಭೆ ಮುಗಿಸಲಾಯಿತು. ಕಡಿತ ಎರಡೂ ಕಡೆ ಅಷ್ಟೇ ಆಗಿದ್ದರೂ ಕಾರ್ಖಾನೆಯ ವಸ್ತುಗಳ ಕಳವು ಮತ್ತು ಕೆಲಸ ಬಿಟ್ಟು ಹೋಗುವವರ ಸಂಖ್ಯೆ ಎರಡನೆಯ ಕಡೆ ಎದ್ದು ಕಾಣುವಷ್ಟು ಹೆಚ್ಚಿತು. ಮೊದಲನೆಯ ಕಡೆಯೂ ಕಳವು ಸ್ವಲ್ಪ ಏರಿತೆಂಬುದನ್ನು ಮರೆಮಾಚಬೇಕಾಗಿಲ್ಲ, ಏಕೆಂದರೆ ವಿವರಣೆಯು ಹಣದ ಜಾಗವನ್ನು ತುಂಬಲಾರದು. ಅದು ತುಂಬುವುದು ಊಹೆಯ ಜಾಗವನ್ನು: ಓವರ್‌ಟೈಮ್ ಏಕೆ ನಿಂತಿತೆಂದು ಶೇಠ್ ಹೇಳದಿದ್ದರೆ ಚಹಾದ ಗಾಡಿಯ ಬಳಿ ಬೇರೊಬ್ಬರು ಹೇಳುತ್ತಾರೆ.

ದೂರುಗಳೇ ಬಾರದ ಕಾರ್ಯಸ್ಥಳ ಸುಸ್ಥಿತಿಯಲ್ಲಿದೆ ಎಂಬ ನಂಬಿಕೆ ಇವೆಲ್ಲಕ್ಕಿಂತ ಅಪಾಯಕಾರಿ. ಸಂಶೋಧಕಿ ಏಮಿ ಎಡ್ಮಂಡ್ಸನ್ ಅವರು 1996ರಲ್ಲಿ ಪ್ರಕಟಿಸಿದ ಆಸ್ಪತ್ರೆಗಳ ಅಧ್ಯಯನದಲ್ಲಿ, ನಾಯಕತ್ವ ಉತ್ತಮವಾಗಿದ್ದ ದಾದಿಯರ ತಂಡಗಳಲ್ಲಿಯೇ ಔಷಧಿ ನೀಡುವಾಗಿನ ತಪ್ಪುಗಳು ಹೆಚ್ಚಾಗಿ ದಾಖಲಾಗಿದ್ದವು. ಅಲ್ಲಿ ತಪ್ಪನ್ನು ಒಪ್ಪಿಕೊಳ್ಳಲು ಹೆದರಿಕೆ ಕಡಿಮೆಯಿದ್ದುದೇ ಇದಕ್ಕೆ ಕಾರಣವೆಂದು ಅವರು ವಾದಿಸಿದರು. ಠಾಣೆ ಜಿಲ್ಲೆಯಲ್ಲೇ ಇರುವ ಡೊಂಬಿವಲಿಯ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳಲ್ಲಿ 2016ರ ಮೇ 26ರಂದೂ 2024ರ ಮೇ 23ರಂದೂ ಪ್ರಾಣಹಾನಿ ತಂದ ಸ್ಫೋಟಗಳಾದವು. ಅವುಗಳ ಕಾರಣ ಏನೇ ಇರಲಿ, ಅಂಥ ನೆರೆಹೊರೆಯಲ್ಲಿ ಕವಾಟ ಸೋರುತ್ತಿದೆ ಎಂದು ಹೇಳಿದ ಗುತ್ತಿಗೆ ಕಾರ್ಮಿಕನಿಗೆ ಮರುದಿನವೂ ಕೆಲಸ ಇರುತ್ತದೆಯೇ ಎಂಬುದು ಶಿಷ್ಟಾಚಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಕಾರ್ಮಿಕರಿಗೆ ಮಾತನಾಡಲು ಬಿಟ್ಟರೆ ಮುಷ್ಕರವೇ ಗತಿ ಎನ್ನುವವರು 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತ್ ಅವರ ನೇತೃತ್ವದಲ್ಲಿ ಆರಂಭವಾದ, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಪಾಲ್ಗೊಂಡ ಮುಂಬಯಿಯ ಗಿರಣಿ ಮುಷ್ಕರವನ್ನು ಉದಾಹರಿಸುತ್ತಾರೆ. ಆ ಇತಿಹಾಸ ಹೇಳುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದನ್ನು. ವೇತನ ಮತ್ತು ಬೋನಸ್ಸಿನ ಜೊತೆಗೆ, 1946ರ ಮುಂಬಯಿ ಕೈಗಾರಿಕಾ ಸಂಬಂಧಗಳ ಕಾಯಿದೆಯ ರದ್ದತಿಯೂ ಮುಷ್ಕರದ ಬೇಡಿಕೆಯಾಗಿತ್ತು. ಏಕೆಂದರೆ ಆ ಕಾಯಿದೆಯಡಿ ಗಿರಣಿ ಕಾರ್ಮಿಕರ ಪರವಾಗಿ ಮಾತುಕತೆ ನಡೆಸುವ ಅಧಿಕಾರ, ಅವರಲ್ಲಿ ಬಹಳಷ್ಟು ಮಂದಿ ನಂಬಿಕೆ ಕಳೆದುಕೊಂಡಿದ್ದ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘವೊಂದಕ್ಕೇ ಸೇರಿತ್ತು. ನಂಬಿಕೆಗೆ ಅರ್ಹವಾದ ಬಾಗಿಲೊಂದು ಇಲ್ಲದಿದ್ದುದೂ ಅಲ್ಲಿನ ರೋಷಕ್ಕೆ ಇಂಧನವಾಯಿತು. 1947ರ ಕೈಗಾರಿಕಾ ವಿವಾದಗಳ ಕಾಯಿದೆ 100 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದಲ್ಲಿ, ಸರ್ಕಾರ ಆದೇಶಿಸಿದರೆ, ಮಾಲೀಕರು ಮತ್ತು ಕಾರ್ಮಿಕರು ಇಬ್ಬರ ಪ್ರತಿನಿಧಿಗಳೂ ಕೂರುವ ಕಾರ್ಯ ಸಮಿತಿ ಇರಬೇಕೆಂದಿತು. ಹತ್ತೋ ಹದಿನೈದೋ ಜನರ ಶೆಡ್ಡಿಗೆ ಆ ಸಮಿತಿಯ ಕಟ್ಟಳೆ ಅನ್ವಯಿಸದಿರುವುದರಿಂದ, ಅಲ್ಲಿ ದೂರು ಕೇಳುವವರು ಯಾರು, ಎಷ್ಟು ದಿನದೊಳಗೆ ಉತ್ತರ ಕೊಡುತ್ತಾರೆ ಎಂಬುದನ್ನು ಮಾಲೀಕನೇ ಗೊತ್ತುಮಾಡಿ ಹಾಜರಿ ಪುಸ್ತಕದ ಪಕ್ಕದ ಗೋಡೆಗೆ ಅಂಟಿಸಬೇಕಾಗುತ್ತದೆ.