ಹಲ್ಲಿನ ಸಂದಿಗೆ ದಾರದ ಸೇವೆ

ಪ್ರತಿದಿನವೂ ನಾವು ತಪ್ಪದೆ ಹಲ್ಲುಜ್ಜುತ್ತೇವೆ. ಆದರೆ ಹಲ್ಲಿನ ಎಲ್ಲ ಮೈಗಳೂ ಇದರಿಂದ ಶುಚಿಯಾಗುವುವೆ? ದವಡೆಹಲ್ಲೊಂದಕ್ಕೆ ಐದು ಮೈಗಳು: ಕೆನ್ನೆಯ ಕಡೆಯದು, ನಾಲಗೆಯ ಕಡೆಯದು, ಅಗಿಯುವ ಮೈ, ಮತ್ತು ಅಕ್ಕಪಕ್ಕದ ಹಲ್ಲುಗಳಿಗೆ ಎದುರಾದ ಎರಡು. ಮೊದಲ ಮೂರನ್ನು ಬ್ರಷ್ಷಿನ ಎಳೆಗಳು ಚೆನ್ನಾಗಿ ಮುಟ್ಟುವುವು. ಸಂದಿಯೊಳಗಿನ ಎರಡು ಅವಕ್ಕೆ ನಿಲುಕವು.

ಬಾಯಿಯಲ್ಲಿನ ಬ್ಯಾಕ್ಟೀರಿಯಗಳು ಹಲ್ಲಿನ ಮೇಲೆ ಅಂಟಾದ ಪೊರೆಯೊಂದನ್ನು ಕಟ್ಟುತ್ತವೆ. ನಾವು ತಿಂದ ಸಕ್ಕರೆಯನ್ನು ಅವು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲವು ಹಲ್ಲಿನ ಗಟ್ಟಿ ಹೊದಿಕೆಯಾದ ಎನಾಮಲನ್ನು ಕರಗಿಸುತ್ತದೆ. ಪೊರೆಯು ವಸಡಿನ ಅಂಚಿನಲ್ಲಿ ನೆಲೆಸಿದರೆ ವಸಡು ಕೆಂಪಾಗಿ ಊದಿಕೊಳ್ಳುವುದು. ಇದನ್ನು ಅಲಕ್ಷಿಸಿದಲ್ಲಿ ಕೆಲವರಲ್ಲಿ ರೋಗವು ಹಲ್ಲನ್ನು ಹಿಡಿದಿರುವ ಮೂಳೆಗೂ ಇಳಿದು, ಹುಳುಕಿಲ್ಲದ ಹಲ್ಲೂ ಸಡಿಲಗೊಂಡು ಬೀಳುವುದುಂಟು. ಬಹುಕಾಲ ನೋವೇ ಇಲ್ಲದಿರುವುದರಿಂದ ರೋಗವು ನಮ್ಮ ಗಮನಕ್ಕೆ ಬರುವುದಿಲ್ಲ.

ಬಾಯಿ ಮುಕ್ಕಳಿಸಿದ ಮಾತ್ರಕ್ಕೆ ಈ ಪೊರೆ ಹೋಗದು, ಒರೆಸಿಯೇ ತೆಗೆಯಬೇಕು. 1819ರಲ್ಲಿಯೇ ಅಮೆರಿಕದ ದಂತವೈದ್ಯ ಲೀವೈ ಸ್ಪಿಯರ್ ಪಾರ್ಮ್ಲಿ ಎಂಬಾತನು ಮೇಣ ಸವರಿದ ರೇಷ್ಮೆದಾರವನ್ನು ಹಲ್ಲುಗಳ ನಡುವೆ ಆಡಿಸಬೇಕೆಂದು ತನ್ನ ಗ್ರಂಥದಲ್ಲಿ ಬರೆದನು. ಇಂದು ನೈಲಾನ್ ಮುಂತಾದವುಗಳಿಂದ ತಯಾರಾದ ಅಂತಹ ದಾರವು ಫ್ಲಾಸ್ ಎಂಬ ಹೆಸರಿನಲ್ಲಿ ಔಷಧದ ಅಂಗಡಿಗಳಲ್ಲಿ ದೊರೆಯುತ್ತದೆ.

ಸುಮಾರು 45 ಸೆಂಟಿಮೀಟರ್ ದಾರವನ್ನು ತೆಗೆದುಕೊಂಡು, ಬಹುಭಾಗವನ್ನು ಒಂದು ಕೈಯ ನಡುಬೆರಳಿಗೂ ಉಳಿದುದನ್ನು ಇನ್ನೊಂದರ ನಡುಬೆರಳಿಗೂ ಸುತ್ತಬೇಕು. ಹೆಬ್ಬೆರಳು ತೋರುಬೆರಳುಗಳಿಂದ 3 ಸೆಂಟಿಮೀಟರಿನಷ್ಟು ದಾರವನ್ನು ಬಿಗಿಯಾಗಿ ಹಿಡಿದು, ಹಿಂದೆ ಮುಂದೆ ಮೆಲ್ಲನೆ ಆಡಿಸುತ್ತ ಸಂದಿಗೆ ಇಳಿಸಬೇಕು. ಒಮ್ಮೆಲೇ ಒತ್ತಿದರೆ ವಸಡಿಗೆ ಗಾಯವಾದೀತು.

ಸಿಕ್ಕಿಕೊಂಡಿದ್ದ ಆಹಾರದ ತುಣುಕು ಹೊರಬಂದೊಡನೆ ಕೆಲಸ ಮುಗಿಯಿತೆಂದು ಅನೇಕರು ತಿಳಿಯುತ್ತಾರೆ. ವಾಸ್ತವವಾಗಿ ಮುಖ್ಯ ಕೆಲಸ ಆರಂಭವಾಗುವುದೇ ಆಗ. ದಾರವನ್ನು ಬಿಲ್ಲಿನಂತೆ ಬಾಗಿಸಿ ಒಂದು ಹಲ್ಲಿನ ಮೈಗೆ ತಗುಲಿಸಿ, ವಸಡಿನ ಅಂಚಿನೊಳಕ್ಕೆ ತಡೆಯುಂಟಾಗುವವರೆಗೆ ಮಾತ್ರ ಜಾರಿಸಿ, ಮೇಲಕ್ಕೂ ಕೆಳಕ್ಕೂ ಕೆಲವು ಸಲ ಒರೆಸಬೇಕು. ಅನಂತರ ಅದೇ ಸಂದಿಯ ಇನ್ನೊಂದು ಹಲ್ಲಿಗೂ ಹೀಗೆಯೇ ಮಾಡಬೇಕು. ಪ್ರತಿ ಸಂದಿಗೂ ದಾರದ ಹೊಸ ಭಾಗವನ್ನು ಬಿಚ್ಚಿಕೊಳ್ಳಬೇಕು. ಕೊನೆಯ ದವಡೆಹಲ್ಲಿನ ಹಿಂಬದಿಯನ್ನೂ ಮರೆಯಬಾರದು. ದಿನಕ್ಕೊಮ್ಮೆ ಹೀಗೆ ಮಾಡಿದರೆ ಸಾಕು.

ಮೊದಲ ದಿನಗಳಲ್ಲಿ ರಕ್ತ ಜಿನುಗಿದರೆ ಹಲವರು ಹೆದರಿ ದಾರವನ್ನೇ ಬಿಟ್ಟುಬಿಡುತ್ತಾರೆ. ಮೃದುವಾಗಿ ಮಾಡಿದಾಗಲೂ ರಕ್ತ ಬಂದರೆ ಅದು ಸಾಮಾನ್ಯವಾಗಿ ವಸಡು ಮೊದಲೇ ಊದಿರುವುದರ ಚಿಹ್ನೆ; ಪೊರೆ ಹೋದಂತೆ ರಕ್ತವೂ ನಿಲ್ಲುತ್ತದೆ. ಎರಡು ವಾರಗಳಾದರೂ ನಿಲ್ಲದಿದ್ದರೆ ದಂತವೈದ್ಯರನ್ನು ಕಾಣಲೇಬೇಕು. ಹೋದ ಮೂಳೆಯನ್ನು ಮರಳಿ ಪಡೆಯುವುದು ಕಷ್ಟ. ಇರುವುದನ್ನು ಕಾಪಾಡಿಕೊಳ್ಳಲು ದಿನಕ್ಕೆ ಕೆಲವೇ ನಿಮಿಷಗಳು ಸಾಕಲ್ಲವೆ?